ಸಿಟ್ಟು ಕುಡಿದ ಲೋಳೆಸರ

ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಮ್ಮ ಗಿಡದ ಎಲೆಯನ್ನೂ ರೋಗಿಯ ಮಣಿಕಟ್ಟಿನಂತೆ ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದರು. “ತಡೀರಿ, ಆರಾಮ ಆಗ್ತದ” ಎಂಬುದು ಅವರ ಸದಾಕಾಲದ ಮಾತು. ಹೆಂಡತಿ ತೀರಿಕೊಂಡ ಮೇಲೆ ನಾನು ಎಲ್ಲರೊಡನೆ ಜಗಳವಾಡುತ್ತೇನೆಂದೂ, ಅದಕ್ಕೇ ಹಾಲಿನವನು ಬರುವುದನ್ನು ಬಿಟ್ಟನೆಂದೂ ಅವರ ಆರೋಪ. ಅವನು ನನ್ನನ್ನು ‘ಏನಜ್ಜ’ ಎಂದು ಕರೆದದ್ದನ್ನು ಅವರು ಪರಿಗಣಿಸಲೇ ಇಲ್ಲ. ಕುಂಡದಲ್ಲಿ ಲೋಳೆಸರ ತಂದುಕೊಟ್ಟು, “ಸಿಟ್ಟು ಬಂದ್ರ ಬೈಬ್ಯಾಡ್ರಿ ಕಾಕಾ, ಇದಕ್ಕ ಒಂದೀಟು ನೀರು ಹಾಕ್ರಿ,” ಎಂದರು.

ನಾನು ಅಕ್ಷರಶಃ ಪಾಲಿಸಿದೆ. ವಾರ ಕಳೆಯುವ ಮೊದಲೇ ಲೋಳೆಸರ ಬುಡಸಹಿತ ಕೊಳೆಯಿತು.

ನರ್ಸಮ್ಮ ಕೊಳೆತ ಎಲೆಯ ನಾಡಿ ನೋಡಿ, ಮೊದಲ ಬಾರಿಗೆ ಮಾತು ಬದಲಿಸಿದರು: “ಹೋಗೇ ಬಿಟ್ಟದ್ರಿ. ಯಪ್ಪಾ, ಎಷ್ಟು ಸಿಟ್ಟಾಗ್ತೀರಿ ಕಾಕಾ!”

“ನಾ ಎಲ್ಲಿ ಸಿಟ್ಟಾಗೇನಿ?” ಎಂದು ಗದರಿದೆ, ಕೈ ಆಗಲೇ ತಂಬಿಗೆಯತ್ತ ಹೋಗಿತ್ತು.

ಮರುದಿನ ಗಾಜಿನ ಬಾಟಲಿಯಲ್ಲಿ ಮನಿಪ್ಲಾಂಟ್ ಬಂತು. “ಇದು ನೀರಾಗೇ ಇರೋದ್ರಿ. ನಿಮ್ಮಂಥವರಿಗೆ ಇದೇ ಸೈ.”

ನಿಮ್ಮಂಥವರಿಗೆ!

ಅವರು ಯಾದಗಿರಿಗೆ ವರ್ಗವಾಗಿ ಹೋದರು. ಆ ಮಾತನ್ನು ನಾನು ಮರೆತಿಲ್ಲ; ದಿನವೂ ಬೆಳಿಗ್ಗೆ ಅದನ್ನು ನೆನೆದು ನೀರು ಹಾಕುತ್ತೇನೆ. ಹಾಲಿನವನು ಮತ್ತೆ ಬಾಗಿಲಿಗೆ ಬರುತ್ತಿದ್ದಾನೆ. ಅವನ ‘ಏನಜ್ಜ’ಕ್ಕೂ ಒಂದಿಷ್ಟು ನೀರು. ಬಳ್ಳಿ ಜಂತಿ ಮುಟ್ಟಿದೆ.