ಬಾಂಬಿಗೊಂದು ಒನ್ಸ್ ಮೋರ್

ಅರವತ್ತರ ಸುಮಾರಿನ ಮಾತು. ಮುಂಬೈಯಲ್ಲಿ ಅಣುವಿಜ್ಞಾನ ಕಲಿಯಲು ನನಗೆ ಸೀಟು ಸಿಕ್ಕಿತ್ತು. ಅಪ್ಪ ಮಗಳಿಗೆ ಹೂಂ ಅನ್ನುವುದೊಂದೇ ಬಾಕಿ. ಧಾರವಾಡದ ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಅವರು ಒಲ್ಲೆ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ‘ಆ ಅಣುವಿಜ್ಞಾನದ ಮಂದಿ ಎಂಥಾವ್ರೋ ಏನೋ’ ಎಂದು ಪೇಪರು ಮುಖಕ್ಕೆ ಹಿಡಿಯುತ್ತಿದ್ದರು. ಹೊರಡುವ ದಿನ ಹತ್ತಿರ ಬರುತ್ತಿತ್ತು. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯ ಟಾಕೀಜಿಗೆ ಒಂದು ಇಂಗ್ಲಿಷ್ ಸಿನಿಮಾ ಬಂತು. ಮೊದಲ ಅಣುಬಾಂಬು ಮಾಡಿದ ವಿಜ್ಞಾನಿಗಳ ಕಥೆ. ಆ ಮಂದಿ ಎಂಥವರೆಂದು ಅಪ್ಪ ಕಣ್ಣಾರೆ ನೋಡಲಿ ಎಂದು ಮ್ಯಾಟಿನಿಗೆ ಎಳೆದುಕೊಂಡು ಹೋದೆ. ಅಪ್ಪನಿಗೆ ಕಂಪನಿ ನಾಟಕದ ಹುಚ್ಚು ವಿಪರೀತ. ಹಾಡು ಹಿಡಿಸಿತೆಂದರೆ ‘ಒನ್ಸ್ ಮೋರ್’ ಎಂದು ಕೂಗಿ ನಟರಿಂದ ಮತ್ತೆ ಹಾಡಿಸುವವರಲ್ಲಿ ಅವರದೇ ಮೊದಲ ದನಿ.

ನಾನು ಅವರ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತ ಹೋದೆ. ತೆರೆಯ ಮೇಲೆ ಒಬ್ಬ ವಿಜ್ಞಾನಿ ಊಟ ಮರೆತು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದ. ಹೆಂಡತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ‘ಪಾಪ, ಛಲೋ ಮನಷ್ಯಾ ಅದಾನ’ ಅಂದರು ಅಪ್ಪ. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಕೊನೆಗೆ ಮರಳುಗಾಡಿನಲ್ಲಿ ಬಾಂಬು ಸಿಡಿಯಿತು. ತೆರೆಯೆಲ್ಲ ಬಿಳಿ. ಮುಂದೆ ಕೂತವರು ಸಿಳ್ಳೆ ಹೊಡೆದರು. ಯಾರೋ ಒಬ್ಬ ‘ಒನ್ಸ್ ಮೋರ್’ ಅಂದ, ಇಡೀ ಟಾಕೀಜು ಅವನ ದನಿಗೆ ದನಿ ಕೂಡಿಸಿತು. ನಮ್ಮ ಮಂದಿಗೆ ನಾಟಕವೂ ಒಂದೇ, ಸಿನಿಮಾವೂ ಒಂದೇ. ಆಪರೇಟರನೂ ಇದೇ ಮಣ್ಣಿನವ. ದೀಪ ಹಾಕಿ, ರೀಲು ಹಿಂದಕ್ಕೆ ಸುತ್ತಿ, ಬಾಂಬನ್ನು ಮತ್ತೊಮ್ಮೆ ಸಿಡಿಸಿದ. ಈ ಸಲ ಅಪ್ಪ ತೆರೆ ನೋಡಲಿಲ್ಲ. ಬೆಳಕು ಬಿದ್ದ ಮಂದಿಯ ಮುಖಗಳನ್ನೇ ನೋಡುತ್ತಿದ್ದರು.

ಸಂಜೆ ಪುಣೆಗೆ ಹೋಗುವ ರೈಲುಗಾಡಿ ಹತ್ತಿ ಧಾರವಾಡಕ್ಕೆ ಹೊರಟೆವು. ನವಲೂರು ದಾಟಿದ ಮೇಲೆ ಅಪ್ಪ ಬಾಯಿ ಬಿಟ್ಟರು.

‘ಮುಂಬೈ ಬ್ಯಾಡ.’

‘ಅಪ್ಪಾ, ನಾ ಬಾಂಬ್ ಮಾಡಾಕ ಹೊಂಟಿಲ್ಲರಿ. ಕಲಿಯಾಕ ಹೊಂಟೇನಿ.’

‘ಆ ಊಟಾ ಮರತಾವನೂ ಕಲಿತಾವನ ಅಲ್ಲೇನು? ಅಂವಾ ಮಾಡಿ ಕೊಟ್ಟಾ. ಮಂದಿ ಇನ್ನೊಮ್ಮೆ ತೋರಸು ಅಂತು. ನಾಳೆ ನಿನ್ನನ್ನೂ ಕೇಳ್ತಾರ.’

ನಾಚಿಕೆ ಬಿಟ್ಟು ಡಬ್ಬಿಯ ಜನರೆದುರೇ ಅತ್ತೆ. ನಿಮ್ಮ ಕಾಲಿಗೆ ಬೀಳ್ತೇನ್ರಿ ಅಂದೆ. ಅವರು ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡರು. ಅದು ನನ್ನನ್ನು ಇನ್ನಷ್ಟು ಉರಿಸಿತು. ಸಿಟ್ಟು ಮಾಡುವ ಅಪ್ಪನ ಜೊತೆಗಾದರೆ ಜಗಳ ಆಡಬಹುದಿತ್ತು.

ಧಾರವಾಡ ಬಂತು. ಅಪ್ಪ ಇಳಿದು ನಿಂತರು. ನಾನು ಕದಲಲಿಲ್ಲ. ಸುಮ್ಮನೆ ಕೂತಿದ್ದರೂ ಸಾಕಿತ್ತು. ಬೆಳಗಾದರೆ ಪುಣೆ, ಅದರಾಚೆ ಮುಂಬೈ. ಗಾರ್ಡು ಸೀಟಿ ಊದಿದ. ಅಪ್ಪ ಗದರಲಿಲ್ಲ. ‘ಇಳಿಯವ್ವಾ’ ಎಂದು ಕೈ ಚಾಚಿದರು.

ಇಳಿದೆ. ಗಾಡಿ ಹೋಯಿತು.