ಹಾವಿನ ಇಂಜೆಕ್ಷನ್ ಇಪ್ಪತ್ತು ಬಾಟಲಿ

ಕನಕಪುರ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಫಾರ್ಮಸಿಸ್ಟ್. ಹಾವು ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ ನಮ್ಮ ಫ್ರಿಜ್‌ನಲ್ಲಿ ಯಾವತ್ತೂ ಇಪ್ಪತ್ತು ಬಾಟಲಿ ಇರಲೇಬೇಕು ಅನ್ನುವುದು ನನ್ನ ಹಟ. ಒಬ್ಬರಿಗೆ ಮೊದಲ ಸುತ್ತಿಗೇ ಹತ್ತು ಬೇಕು. ರಾಮನಗರದ ಉಗ್ರಾಣದಿಂದ ಹೊಸದು ಬರಲು ಕೆಲವು ಸಲ ವಾರವೇ ಹಿಡಿಯುತ್ತದೆ.

"ಅಷ್ಟೊಂದು ಯಾಕ್ರೀ? ಡೇಟ್ ಮುಗಿದು ಹಾಳಾದ್ರೆ?" ಎಂದು ಡಾಕ್ಟರಮ್ಮ ಮೊದಮೊದಲು ಕೇಳುತ್ತಿದ್ದರು. ಡೇಟ್ ಹತ್ತಿರವಾದ ಬಾಟಲಿಗಳನ್ನು ಬೇಗ ಖರ್ಚಾಗುವ ದೊಡ್ಡಾಸ್ಪತ್ರೆಗೆ ಕೊಟ್ಟು, ಬದಲಿಗೆ ಹೊಸದು ತರುತ್ತಿದ್ದೆ. ಆಮೇಲೆ ಅವರು ಕೇಳುವುದು ಬಿಟ್ಟರು.

ಹೋದ ಮುಂಗಾರಿನಲ್ಲಿ ಒಂದು ಬೆಳಗ್ಗೆ, ಕೋಡಿಹಳ್ಳಿ ಕಡೆಯ ಆಸ್ಪತ್ರೆಯೊಂದರ ಫಾರ್ಮಸಿಸ್ಟ್ ಹುಡುಗಿ ಫೋನ್ ಮಾಡಿದಳು.

"ಅಣ್ಣಾ, ನೆನ್ನೆ ಒಂದೇ ದಿನ ಎರಡು ಕೇಸ್ ಬಂದ್ಬುಟ್ಟೊ. ಒಂದು ಬಾಟ್ಲೂ ಉಳಿದಿಲ್ಲ. ನಾಳೆ ಸ್ಟಾಕ್ ಬತ್ತದಂತೆ. ಅಲ್ಲೀಗಂಟ ಒಂದತ್ತು ಕೊಡಿ."

ನನಗೆ ಕೊಡುವ ಮನಸ್ಸಿರಲಿಲ್ಲ. ಡಾಕ್ಟರಮ್ಮನೇ ಹೇಳಿದರು: "ನಮ್ಮತ್ರ ಇಬ್ಬರಿಗಾಗೋಷ್ಟಿದೆ, ಅಲ್ಲಿ ಒಬ್ಬರಿಗೂ ಇಲ್ಲ. ಕೊಡಿ." ಅವಳು ಸ್ಕೂಟಿಯಲ್ಲಿ ಬಂದು ಐಸ್ ಬಾಕ್ಸಿನಲ್ಲಿ ಒಯ್ದಳು.

ಅದೇ ಮಧ್ಯಾಹ್ನ ನಮ್ಮಲ್ಲಿಗೇ ಒಂದು ಬೈಕ್ ಬಂತು. ಹುಲ್ಲು ಕುಯ್ಯುವಾಗ ಹೆಂಗಸೊಬ್ಬಳಿಗೆ ಕೊಳಕುಮಂಡಲ ಕಚ್ಚಿತ್ತು, ಪಾದ ಊದಿಕೊಂಡಿತ್ತು. "ಎಂಗಾದ್ರೂ ಉಳಿಸ್ಕೊಡಿ ಸಾ," ಎಂದು ಗಂಡ ನನ್ನ ಕೈ ಹಿಡಿದುಕೊಂಡ. ಉಳಿದಿದ್ದ ಹತ್ತನ್ನೂ ಕೊಟ್ಟು, ಆಂಬುಲೆನ್ಸಿನಲ್ಲಿ ರಾಮನಗರಕ್ಕೆ ಕಳಿಸಿದೆವು.

ಭಯವಾದದ್ದು ಅವರು ಹೋದಮೇಲೆ. ಫ್ರಿಜ್ ತೆಗೆದು ನೋಡಿದರೆ ಆ ಟ್ರೇ ಖಾಲಿ. ಇನ್ನೊಬ್ಬರು ಬಂದರೆ? ಕೋಡಿಹಳ್ಳಿಯ ಹುಡುಗಿಗೆ ಫೋನ್ ಮಾಡಿದೆ.

"ನಿಮ್ಮ ಹತ್ತೂ ಹಂಗೇ ಐತೆ ಅಣ್ಣಾ. ಐದು ತಂದ್ಕೊಡ್ತೀನಿ, ಐದು ನನ್ನತ್ರ ಇರ್ಲಿ. ಯಾರತ್ರ ಕೇಸ್ ಬಂದ್ರೂ ಐದ್ರಲ್ಲಿ ಶುರು ಮಾಡೋಣ, ಅಷ್ಟ್ರಲ್ಲಿ ಇನ್ನೊಬ್ರು ಮಿಕ್ಕಿದ್ದೈದು ತಕ್ಕೊಂಡು ಗಾಡಿ ಹತ್ತೋದು."

ಇಷ್ಟು ವರ್ಷ ನಾನು ನನ್ನ ಫ್ರಿಜ್ ಒಂದನ್ನೇ ಲೆಕ್ಕಕ್ಕೆ ಹಿಡಿದಿದ್ದೆ. ಹೊತ್ತು ಮುಳುಗುವ ಮೊದಲೇ ಅವಳು ಐದು ಬಾಟಲಿ ತಂದಳು. ಪುಣ್ಯಕ್ಕೆ ಅವತ್ತು ಎಲ್ಲೂ ಯಾರೂ ಬರಲಿಲ್ಲ. ಮಾರನೆಯ ದಿನ ಅವಳಿಗೆ ಸ್ಟಾಕ್ ತಂದ ಗಾಡಿಯಲ್ಲೇ ನಮಗೂ ಬಂತು.

ಹದಿನೈದು ದಿನಕ್ಕೆ ಆ ಹೆಂಗಸು ಒಸಿ ಕುಂಟುತ್ತಾ ಬ್ಯಾಂಡೇಜ್ ಬದಲಿಸಿಕೊಳ್ಳಲು ಬಂದಳು. "ಈಗ ಹುಲ್ಲು ಕುಯ್ಯೋದು ನಮ್ಮೆಜಮಾನ್ರ ಕೆಲ್ಸ, ಗಮ್‌ಬೂಟ್ ಹಾಕ್ಕೊಂಡು," ಎಂದು ನಕ್ಕಳು.

ಈಗ ಕೂಟಗಲ್ ಕಡೆಯವರು, ಗುಡೇಮಾರನಹಳ್ಳಿ ಕಡೆಯವರೂ ಸೇರಿ ನಾವು ನಾಲ್ವರು ಫಾರ್ಮಸಿಸ್ಟರು. ಪ್ರತಿ ಶನಿವಾರ ಯಾರ ಹತ್ತಿರ ಎಷ್ಟಿದೆ ಎಂದು ಫೋನಿನಲ್ಲಿ ಕೇಳಿಕೊಳ್ಳುತ್ತೇವೆ. ಅದು ಎರಡು ನಿಮಿಷದ ಮಾತು. ಆಮೇಲಿನ ಅರ್ಧ ಗಂಟೆ ಮಳೆ, ರಾಗಿ, ಮಕ್ಕಳ ಪರೀಕ್ಷೆ.