ಅರಮನೆ ಮಾವನ ಮಂಡಿನೋವು

ಓಣಿಯ ಮೂಲೆಯ ಟೈಲರನ್ನು ಎಲ್ಲರೂ ‘ಅರಮನೆ ಮಾವ’ ಎಂದೇ ಕರೆಯುತ್ತಾರೆ. ಶನಿವಾರ ಬಂತೆಂದರೆ ಸಾಕು, ಅಳತೆ ಕೊಡಲು ನಿಂತವರನ್ನೂ ಬಿಡುವುದಿಲ್ಲ: “ನಾಳೆ ನಾನೂ ನಿಮ್ಮತ್ತೇನೂ ಅರಮನೆ ನೋಡೋಕೆ ಹೊರಡ್ತೀವಿ. ಬಿಸಿಲೇರೋ ಮುಂಚೆ ತೋಟ, ಆಮೇಲೆ ದರ್ಬಾರ್ ಹಾಲ್!” ರಾಜನೇ ಇವರಿಗಾಗಿ ಬಾಗಿಲಲ್ಲಿ ಕಾದಿದ್ದಾನೇನೋ ಎಂಬ ಸಡಗರ. ಸೋಮವಾರ ಕೇಳಿದರೆ, “ಹಾಳು ಮಂಡಿ ಹಿಡ್ಕೊಂಡ್ಬಿಡ್ತು ಕಣಪ್ಪಾ” ಎನ್ನುತ್ತಾರೆ. ಓಡುವ ಬಸ್ಸನ್ನು ಹಾರಿ ಹತ್ತುವವರಿಗೆ ಎಂಥ ಮಂಡಿನೋವೆಂದು ಓಣಿಯೇ ನಗುತ್ತದೆ. ವರ್ಷದಿಂದ ಹಾಸಿಗೆ ಹಿಡಿದಿರುವ ಹೆಂಡತಿ ಪ್ರತಿ ಭಾನುವಾರ ಬೆಳಗ್ಗೆ ಏಳಲು ಹೆಣಗುತ್ತಾಳೆ. “ನನ್ನ ಕೈಲಾಗಲ್ಲ” ಎಂದು ಅವಳು ಬಾಯಿಬಿಡುವ ಮೊದಲೇ ಮಾವ ಮಂಡಿ ಹಿಡಿದು ನರಳುತ್ತಾರೆ. “ಅಯ್ಯೋ, ಕಾಲು ಇತ್ಲಾಗೆ ಚಾಚಿ, ಎಣ್ಣೆ ಹಚ್ತೀನಿ. ಮುಂದಿನ ವಾರ ಹೋದ್ರಾಯ್ತು” ಎನ್ನುತ್ತಾಳೆ ಆಕೆ. ನೋಯದ ಮಂಡಿಯನ್ನು ಆ ನಡುಗುವ ಕೈಗಳಿಗೆ ಒಪ್ಪಿಸಿ, ಮಾವ ಗೋಡೆಯ ಕಡೆ ಮುಖ ತಿರುಗಿಸಿ ಕೂರುತ್ತಾರೆ.